ಇನ್ಸುಲೇಶನ್ ಚಳಿ ದೇಶದ ಸರಕಲ್ಲ

ಮನೆ ಕಟ್ಟಿಸುತ್ತಿರುವವರ ಮುಂದೆ ಚಾವಣಿಯ ಬಿಸಿಯ ಮಾತು ತೆಗೆದು ನೋಡಿ. ಬೀದರ್‌ನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಉತ್ತರ ಒಂದೇ ಬರುತ್ತದೆ: "ಇನ್ಸುಲೇಶನ್ ಎಲ್ಲ ಹಿಮ ಬೀಳೋ ದೇಶದವರಿಗೆ ಸಾರ್, ನಮ್ಮ ಹವೆಗೆ ಯಾಕೆ?" ಮೇಸ್ತ್ರಿ ಹೀಗೆ ಹೇಳುತ್ತಾರೆ, ಗುತ್ತಿಗೆದಾರರು ಹೇಳುತ್ತಾರೆ, ಎಂಜಿನಿಯರಿಂಗ್ ಪದವಿ ಗೋಡೆಗೆ ತೂಗುಹಾಕಿಕೊಂಡವರೂ ಹೇಳುತ್ತಾರೆ. ಮನೆಯ ಯಜಮಾನರು ತಲೆಯಾಡಿಸಿ, ಆ ಹಣವನ್ನು ಮುಂಭಾಗದ ಅಲಂಕಾರಕ್ಕೆ ಹಾಕುತ್ತಾರೆ. ಈ ಮಾತು ತಪ್ಪು ಎಂದು ಬಿಡಿಸಿ ಹೇಳಲೇಬೇಕಾಗಿದೆ. ನಮ್ಮ ಮನೆಗಳ ಮೇಲಂತಸ್ತು ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ರಾತ್ರಿಯಿಡೀ ಕುದಿಯುವುದಕ್ಕೆ ಸೂರ್ಯನಿಗಿಂತ ಹೆಚ್ಚಾಗಿ ಈ ಮಾತೇ ಕಾರಣ.

ಶಾಖ ಬಿಸಿ ಇರುವ ಕಡೆಯಿಂದ ತಂಪು ಇರುವ ಕಡೆಗೆ ಹರಿಯುತ್ತದೆ. ಆ ಹರಿವನ್ನು ನಿಧಾನ ಮಾಡುವುದಷ್ಟೇ ಇನ್ಸುಲೇಶನ್ನಿನ ಕೆಲಸ. ಬಿಸಿ ಒಳಗಿದೆಯೋ ಹೊರಗಿದೆಯೋ ಎಂಬುದು ಅದಕ್ಕೆ ಸಂಬಂಧವಿಲ್ಲ. ನಾರ್ವೆಯಲ್ಲಿ ಒಳಗಿನ ಬೆಚ್ಚನೆಯನ್ನು ಹೊರಗೆ ಬಿಡದ ವಸ್ತು ರಾಯಚೂರಿನಲ್ಲಿ ಹೊರಗಿನ ಬೇಗೆಯನ್ನು ಒಳಗೆ ಬಿಡುವುದಿಲ್ಲ. ಕರಾವಳಿಯವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಮಲ್ಪೆ ಬಂದರಿನಿಂದ ಘಟ್ಟ ಹತ್ತುವ ಮೀನು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸಿನೊಂದಿಗೆ ಹೋಗುತ್ತದೆ. ಆ ಥರ್ಮೋಕೋಲ್ ಬೇರೇನಲ್ಲ, ಚಾವಣಿಯ ಮೇಲೆ ಹಾಸಬಹುದಾದ ಎಕ್ಸ್‌ಪಾಂಡೆಡ್ ಪಾಲಿಸ್ಟೈರೀನ್ ಹಲಗೆಯ ಜಾತಿಯದೇ. ಮೀನು ಕೆಡಬಾರದು ಎಂದು ನಂಬಿ ಬಳಸುವ ವಸ್ತುವನ್ನು ಮನುಷ್ಯರು ಮಲಗುವ ಕೋಣೆಯ ಮೇಲೆ ಹಾಕುವ ಮಾತು ಬಂದಾಗ ಮಾತ್ರ ಅದು ವಿದೇಶಿ ಸರಕಾಗುತ್ತದೆ.

ಚಳಿಯೇ ಇಲ್ಲದ ಊರುಗಳ ಕಾನೂನು ಏನು ಹೇಳುತ್ತದೆ ನೋಡೋಣ. ಅಮೆರಿಕದ ಮಾದರಿ ಇಂಧನ ಸಂರಕ್ಷಣಾ ಸಂಹಿತೆಯ 2021ರ ಆವೃತ್ತಿಯಲ್ಲಿ ಮಯಾಮಿ, ಹವಾಯಿ ಸೇರುವ ಬಿಸಿ ವಲಯದ ಮನೆಗಳ ಚಾವಣಿಗೂ ಆರ್-30 ಎಂಬ ಮಟ್ಟದ ಇನ್ಸುಲೇಶನ್ ನಿಗದಿಯಾಗಿದೆ. ನಮ್ಮ ಲೆಕ್ಕದ ಯು-ಮೌಲ್ಯಕ್ಕೆ ತಂದರೆ ಅದು 0.2ಕ್ಕಿಂತ ಸ್ವಲ್ಪ ಕಡಿಮೆ. ಮಯಾಮಿಯಲ್ಲಿ ಹಿಮ ಬೀಳುವುದಿಲ್ಲ, ತೆಂಗು ಬೆಳೆಯುತ್ತದೆ. ಇನ್ನು ಸಿಂಗಪುರ ಸಮಭಾಜಕದ ಪಕ್ಕದಲ್ಲೇ ಇದೆ. ಅಲ್ಲಿ ಚಳಿಗಾಲವೆಂಬ ಕಾಲವೇ ಇಲ್ಲ. ಆದರೂ ಹವಾನಿಯಂತ್ರಿತ ಕಟ್ಟಡಗಳ ಚಾವಣಿಗೆ ಅದರ ತೂಕಕ್ಕೆ ತಕ್ಕಂತೆ ಯು-ಮೌಲ್ಯದ ಮಿತಿ ಇದೆ: ಭಾರದ ಚಾವಣಿಗೆ 1.2, ಮಧ್ಯಮ ತೂಕದ್ದಕ್ಕೆ 0.8, ಹಗುರದ್ದಕ್ಕೆ 0.5. ಇನ್ಸುಲೇಶನ್ ಚಳಿಗಾಗಿ ಎನ್ನುವವರು ಈ ಎರಡು ಊರುಗಳಿಗೆ ಉತ್ತರ ಕೊಡಬೇಕು.

ಯು-ಮೌಲ್ಯ ಎಂದರೆ ಗಾಬರಿಯಾಗುವಂಥದ್ದೇನಲ್ಲ. ಹೊರಗೂ ಒಳಗೂ ಒಂದು ಡಿಗ್ರಿ ಅಂತರ ಇದ್ದಾಗ ಒಂದು ಚದರ ಮೀಟರ್ ಚಾವಣಿಯ ಮೂಲಕ ಎಷ್ಟು ವ್ಯಾಟ್ ಶಾಖ ಹಾಯುತ್ತದೆ ಎಂಬ ಅಳತೆ ಅದು. ಅಂಕಿ ಸಣ್ಣದಿದ್ದಷ್ಟೂ ಒಳ್ಳೆಯದು. ನಮ್ಮಲ್ಲಿ ಎಲ್ಲರೂ ಹಾಕಿಸುವ ಆರು ಇಂಚಿನ ಕಾಂಕ್ರೀಟ್ ತಾರಸಿಯ ಯು-ಮೌಲ್ಯ ಸುಮಾರು 3.8. ಭಾರತದ್ದೇ ವಸತಿ ಸಂಹಿತೆಯಾದ ಇಕೋ-ನಿವಾಸ್ ಸಂಹಿತೆ 2018ರಲ್ಲಿ ಹಾಕಿದ ಮಿತಿ 1.2. ಅಂದರೆ ನಾವು "ಪಕ್ಕಾ" ಎಂದು ಹೆಮ್ಮೆಪಡುವ ಚಾವಣಿ ಮಿತಿಯ ಮೂರು ಪಟ್ಟು ಶಾಖವನ್ನು ಒಳಗೆ ಬಿಡುತ್ತದೆ. ಆ 1.2 ಎಲ್ಲ ಹವಾವಲಯಗಳಿಗೂ ಒಂದೇ. ಸಮಶೀತೋಷ್ಣ ವಲಯದಲ್ಲಿ ಬರುವ ಬೆಂಗಳೂರಿಗೂ ವಿನಾಯಿತಿ ಇಲ್ಲ. ವಾಣಿಜ್ಯ ಕಟ್ಟಡಗಳ ಸಂಹಿತೆ ಇನ್ನೂ ಕಟ್ಟುನಿಟ್ಟು: 2017ರ ಇಸಿಬಿಸಿಯಲ್ಲಿ ಬಹುತೇಕ ಕಟ್ಟಡಗಳಿಗೆ 0.33.

ಇದನ್ನು ಮನೆಯ ಮಟ್ಟಕ್ಕೆ ಇಳಿಸಿ ನೋಡಿ. ನೂರು ಚದರ ಮೀಟರ್ ತಾರಸಿ ಇದೆ ಎಂದುಕೊಳ್ಳಿ. ಬಿಸಿಲಿನ ಹೊಡೆತವನ್ನೂ ಸೇರಿಸಿ ಹೊರಗಿಗೂ ಒಳಗಿಗೂ 20 ಡಿಗ್ರಿ ಅಂತರ ಎಂದು ಹಿಡಿಯಿರಿ. ಏಪ್ರಿಲ್ ಮಧ್ಯಾಹ್ನಕ್ಕೆ ಇದು ಉತ್ಪ್ರೇಕ್ಷೆಯಲ್ಲ. ಬರಿ ಕಾಂಕ್ರೀಟಾದರೆ ಒಳಬರುವ ಶಾಖ 7,600 ವ್ಯಾಟ್. ಒಂದು ಟನ್ನಿನ ಏಸಿ ತೆಗೆದುಹಾಕಬಲ್ಲದ್ದು ಸುಮಾರು 3,500 ವ್ಯಾಟ್. ಎರಡು ಏಸಿಗಳು ಚಾವಣಿಯ ಶಾಖಕ್ಕೇ ದುಡಿದು ಸುಸ್ತಾಗುತ್ತವೆ, ಮನೆಯವರ ಪಾಲಿಗೆ ಏನೂ ಉಳಿಯುವುದಿಲ್ಲ. ಅದೇ ತಾರಸಿಯ ಮೇಲೆ 25 ಮಿಲಿಮೀಟರ್ ಪಾಲಿಸ್ಟೈರೀನ್ ಹಾಸಿದರೆ ಯು-ಮೌಲ್ಯ 1ರ ಆಸುಪಾಸಿಗೆ ಇಳಿದು ಶಾಖ 2,000 ವ್ಯಾಟಿಗೆ ಬರುತ್ತದೆ. 40 ಮಿಲಿಮೀಟರ್ ಹಾಸಿದರೆ 0.7, ಅಂದರೆ 1,400 ವ್ಯಾಟ್. ಕಾಂಕ್ರೀಟು ಶಾಖವನ್ನು ಹೀರಿ ತಡವಾಗಿ ಬಿಡುವುದರಿಂದ ಗಂಟೆಗಂಟೆಯ ಲೆಕ್ಕ ಹಿಂದುಮುಂದಾಗುತ್ತದೆ ನಿಜ, ಆದರೆ ಪ್ರಮಾಣ ಬದಲಾಗುವುದಿಲ್ಲ. ಒಂದೂವರೆ ಇಂಚು ದಪ್ಪದ, ಒಂದು ಚದರ ಮೀಟರಿಗೆ ಒಂದು ಕಿಲೋ ತೂಗುವ ಹಲಗೆ ಮಾಡುವ ಕೆಲಸ ಇದು.

ತಡವಾಗಿ ಬಿಡುವ ಆ ಗುಣವೇ ನಮ್ಮ ರಾತ್ರಿಗಳನ್ನು ಹಾಳುಮಾಡಿರುವುದು. ಮಧ್ಯಾಹ್ನ ಒಂದಕ್ಕೆ ತಾರಸಿಯ ನೆತ್ತಿಗೆ ಬಿದ್ದ ಬೇಗೆ ಆರು ಇಂಚು ದಾಟಿ ಒಳಮೈಗೆ ಬರಲು ನಾಲ್ಕೈದು ಗಂಟೆ ಬೇಕು. ಸಂಜೆ ಕೆಲಸ ಮುಗಿಸಿ ಮನೆಗೆ ಬಂದವರ ತಲೆಯ ಮೇಲೆ ಚಾವಣಿ ಆಗ ಉರಿಯಲು ಶುರುಮಾಡುತ್ತದೆ. ಹೊರಗೆ ತಂಗಾಳಿ ಬೀಸುತ್ತಿರುತ್ತದೆ, ಒಳಗೆ ಫ್ಯಾನು ಚಾವಣಿಯ ಬಿಸಿಗಾಳಿಯನ್ನು ಹಾಸಿಗೆಗೆ ದಬ್ಬುತ್ತಿರುತ್ತದೆ. ಹೀಗಾಗಿ "ಬೆಂಗಳೂರಿನ ಹವೆ ಮೊದಲಿನ ಹಾಗಿಲ್ಲ" ಎಂದು ದೂರುವ ಅನೇಕರ ದೂರು ಅರ್ಧ ಹವೆಯ ಮೇಲೆ, ಅರ್ಧ ಸ್ವಂತ ತಾರಸಿಯ ಮೇಲೆ ಇರಬೇಕಿತ್ತು. ಹವೆ ಬದಲಾಗಿದೆ ಎಂಬುದನ್ನೂ ಅಲ್ಲಗಳೆಯಲಾರೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡಿತು, 2024ರ ಏಪ್ರಿಲ್‌ನಲ್ಲಿ 38.5. ಹೀಗಿರುವಾಗ "ನಮ್ಮದು ತಂಪು ಊರು" ಎಂಬ ನಲವತ್ತು ವರ್ಷ ಹಳೆಯ ನೆನಪಿನ ಮೇಲೆ ಇವತ್ತು ಚಾವಣಿ ಕಟ್ಟುವುದು ಯಾವ ವಿವೇಕ?

ಚಾವಣಿಯ ಪ್ರಶ್ನೆ ಯುರೋಪಿನವರಿಗಿಂತ ನಮಗೇ ಹೆಚ್ಚು ತುರ್ತಿನದು. ನಮ್ಮ ಸೂರ್ಯ ಗೋಡೆಗಿಂತ ನೆತ್ತಿಗೆ ಹೊಡೆಯುತ್ತಾನೆ. ಬೆಂಗಳೂರಿನ ಅಕ್ಷಾಂಶದಲ್ಲಿ ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ಸರಿಯಾಗಿ ತಲೆಯ ಮೇಲೆ ಬಂದು, ನೆಟ್ಟ ಕೋಲಿಗೆ ನೆರಳೇ ಇಲ್ಲದಂತಾಗುತ್ತದೆ. ಕಲಬುರಗಿಗೆ ಅದು ಮೇ ಎರಡನೇ ವಾರದಲ್ಲಿ, ಅಲ್ಲಿನ ಬೇಸಿಗೆಯ ನಟ್ಟನಡುವೆ. ದಿಲ್ಲಿಯ ನೆತ್ತಿಗೆ ಸೂರ್ಯ ವರ್ಷದ ಯಾವ ದಿನವೂ ಬರುವುದಿಲ್ಲ. ಗೋಡೆಗೆ ಸಜ್ಜಾ ಇದೆ, ಪಕ್ಕದ ಮನೆಯ ನೆರಳಿದೆ, ಮರವಿದ್ದರೆ ಮರದ್ದೂ ಇದೆ. ತಾರಸಿಗೆ ಯಾವ ರಕ್ಷಣೆಯೂ ಇಲ್ಲ. ಮನೆಯ ಐದು ಹೊರಮೈಗಳಲ್ಲಿ ಅತಿ ಹೆಚ್ಚು ಬಿಸಿಲು ತಿನ್ನುವ ಮೈಯನ್ನೇ ನಾವು ಬೆತ್ತಲೆ ಬಿಟ್ಟಿದ್ದೇವೆ.

ಇಷ್ಟು ಹೇಳಿದಾಗ ಅನುಭವಿ ಗುತ್ತಿಗೆದಾರರ ಉತ್ತರ ಸಿದ್ಧವಿರುತ್ತದೆ: "ಬ್ರಿಕ್‌ಬ್ಯಾಟ್ ಕೋಬಾ ಹಾಕ್ತೀವಲ್ಲ, ಬಿಸಿ ಇಳಿಯೋದಿಲ್ಲ." ಇಟ್ಟಿಗೆ ಚೂರು, ಸಿಮೆಂಟು, ಮೇಲೆ ಗೀರೆಳೆದ ಗಾರೆ. ನೀರು ಹರಿಸುವ ಇಳಿಜಾರಿಗೆ ಇದು ಒಳ್ಳೆಯ ಪದ್ಧತಿ, ಶಾಖಕ್ಕೆ ಅಲ್ಲ. ನಾಲ್ಕು ಇಂಚು ಕೋಬಾ ಹಾಕಿದರೂ ಯು-ಮೌಲ್ಯ ಸುಮಾರು 2.5ರಲ್ಲೇ ನಿಲ್ಲುತ್ತದೆ. ಸಂಹಿತೆಯ ಮಿತಿಯ ಇಮ್ಮಡಿ ಅದು. ಈ ಅಲ್ಪ ಲಾಭಕ್ಕೆ ತಾರಸಿ ಹೊರುವ ಭಾರವೋ ಚದರ ಮೀಟರಿಗೆ 180 ಕಿಲೋದ ಹತ್ತಿರ. ದಪ್ಪವಾಗಿದ್ದದ್ದೆಲ್ಲ ಶಾಖ ತಡೆಯುತ್ತದೆ ಎಂಬ ನಂಬಿಕೆ ಕಲ್ಲಿಗೂ ಇಟ್ಟಿಗೆಗೂ ಸಲ್ಲದು. ಶಾಖ ತಡೆಯುವುದು ವಸ್ತುವಿನೊಳಗೆ ಸೆರೆಯಾಗಿ ನಿಂತ ಗಾಳಿ.

ಈಗ ನನ್ನ ನಿಜವಾದ ಸಿಟ್ಟಿನ ವಿಷಯ: ಶಿಂಗಲ್ಸ್. ಬೆಂಗಳೂರಿನ ಹೊರವಲಯದ ವಿಲ್ಲಾಗಳು, ಕೊಡಗು-ಚಿಕ್ಕಮಗಳೂರಿನ ಹೋಂಸ್ಟೇಗಳು, ಮೈಸೂರಿನ ಹೊಸ ಬಡಾವಣೆಗಳು, ಎಲ್ಲಿ ನೋಡಿದರೂ ಇಳಿಜಾರು ಕಾಂಕ್ರೀಟಿನ ಮೇಲೆ ಅಂಟಿಸಿದ ಬೂದು, ಕಂದು, ಕಡುಕೆಂಪು ಪದರಗಳು. ಮನೆಯವರು ಬಣ್ಣದ ಕಾರ್ಡು ಹಿಡಿದು ವಾರಗಟ್ಟಲೆ ಚರ್ಚಿಸುತ್ತಾರೆ. ಅಂಗಡಿಯವರು 30 ವರ್ಷದ ವಾರಂಟಿಯ ಮಾತಾಡುತ್ತಾರೆ. ಅದರ ಕೆಳಗೆ ಏನಿರಬೇಕು ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ.

ಆಸ್ಫಾಲ್ಟ್ ಶಿಂಗಲ್ ಅಮೆರಿಕದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಹುಟ್ಟಿದ್ದು. ಈಗಿನದ್ದು ಫೈಬರ್‌ಗ್ಲಾಸ್ ಚಾಪೆ, ಅದಕ್ಕೆ ಡಾಂಬರಿನ ಲೇಪ, ಮೇಲೆ ಬಣ್ಣದ ಖನಿಜ ಹರಳು. ನೀರು ಜಾರಿಸುವುದು ಅದರ ಕೆಲಸ. ಶಾಖ ತಡೆಯುವ ಶಕ್ತಿ ಅದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಕಪ್ಪು ಬಣ್ಣದ್ದು ಬಿಸಿಲಿಗೆ 65-70 ಡಿಗ್ರಿ ಮುಟ್ಟುತ್ತದೆ. ಇದು ಅಮೆರಿಕದವರಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಅಲ್ಲಿನ ಸಂಹಿತೆ ಶಿಂಗಲ್ಲನ್ನು ಒಂಟಿಯಾಗಿ ಬಿಟ್ಟಿಲ್ಲ. ಕೆಳಗೆ ಮರದ ಹಲಗೆ, ಹಲಗೆಗೂ ಶಿಂಗಲ್ಲಿಗೂ ನಡುವೆ ನೀರುತಡೆ ಪದರ. 12 ಅಡಿಗೆ 2 ಅಡಿಗಿಂತ ಕಡಿಮೆ ಇಳಿಜಾರಿದ್ದರೆ ಶಿಂಗಲ್ಲೇ ಸಲ್ಲದು. 2ರಿಂದ 4 ಅಡಿಯೊಳಗಿದ್ದರೆ ಆ ನೀರುತಡೆ ಪದರ ಎರಡಾಗಬೇಕು. ಹಲಗೆಯ ಕೆಳಗೆ ಅಟ್ಟದಲ್ಲಿ ಗಾಳಿ ಓಡಾಡಲು ದಾರಿ, ಅಟ್ಟದ ನೆಲದ ವಿಸ್ತೀರ್ಣದ 150ರಲ್ಲಿ ಒಂದು ಪಾಲು, ಕೆಲವು ಷರತ್ತು ಪಾಲಿಸಿದರೆ 300ರಲ್ಲಿ ಒಂದು ಪಾಲು. ಅದರ ಕೆಳಗೆ ಅಡಿ ದಪ್ಪದ ಹತ್ತಿಯಂಥ ಇನ್ಸುಲೇಶನ್. ಕ್ಯಾಲಿಫೋರ್ನಿಯಾದ ಬಿಸಿ ವಲಯಗಳಲ್ಲಂತೂ ಇಳಿಜಾರು ಚಾವಣಿಯ ಹೊದಿಕೆ ಹಳೆಯದಾದ ಮೇಲೂ ಕನಿಷ್ಠ ಐದರಲ್ಲೊಂದು ಪಾಲು ಬಿಸಿಲನ್ನು ಹಿಂದಕ್ಕೆ ಎಸೆಯಬೇಕೆಂಬ ನಿಯಮವೂ ಇದೆ.

ನಾವು ಈ ಇಡೀ ವ್ಯವಸ್ಥೆಯಿಂದ ತಂದುಕೊಂಡದ್ದು ಏನು? ರಸ್ತೆಯಿಂದ ಕಾಣುವ ಮೇಲಿನ ಕಾಲು ಇಂಚು. ಗಾಳಿಯ ಅಟ್ಟ ಅಲ್ಲೇ ಉಳಿಯಿತು, ಅಡಿ ದಪ್ಪದ ಇನ್ಸುಲೇಶನ್ ಅಲ್ಲೇ ಉಳಿಯಿತು. ಇಳಿಜಾರು ಕಾಂಕ್ರೀಟಿಗೆ ಡಾಂಬರಿನ ಪದರ ನೇರವಾಗಿ ಅಂಟಿಸಿದರೆ ಆ ಕಾಂಕ್ರೀಟು ಬರಿಮೈಯಲ್ಲಿದ್ದಾಗಿನದಕ್ಕಿಂತ ಹೆಚ್ಚು ಬಿಸಿಲು ಕುಡಿಯುತ್ತದೆ. ದುಡ್ಡು ಕೊಟ್ಟು ಮನೆಯನ್ನು ಇನ್ನಷ್ಟು ಬಿಸಿ ಮಾಡಿಕೊಂಡಂತಾಯಿತು. ವಾರಂಟಿಯ ಕಾಗದವನ್ನು ಪೂರ್ತಿ ಓದಿದವರಿಗೆ ಕೆಳಗಿನ ಗಾಳಿಯಾಟದ ಷರತ್ತು, ಅಳವಡಿಕೆಯ ಷರತ್ತು ಸಾಮಾನ್ಯವಾಗಿ ಅದರಲ್ಲೇ ಸಿಗುತ್ತವೆ. ಕಾಂಕ್ರೀಟಿಗೆ ಅಂಟಿಸಿದವರಿಗೆ ಆ ಕಾಗದ ಎಷ್ಟು ಉಪಯೋಗಕ್ಕೆ ಬಂದೀತು ಎಂದು ಅವರೇ ಯೋಚಿಸಲಿ. ಶಿಂಗಲ್ಸ್ ಬೇಡವೇ ಬೇಡ ಎನ್ನುವುದಿಲ್ಲ. ಹಾಕುವುದಾದರೆ ತಿಳಿಬಣ್ಣದ್ದನ್ನು, ಕೆಳಗೆ ಗಾಳಿ ಹಾಯುವ ಸಂದನ್ನೂ ಇನ್ಸುಲೇಶನ್ನನ್ನೂ ಕೊಟ್ಟು ಹಾಕಲಿ. ಇನ್ಸುಲೇಶನ್ ಎಷ್ಟು ಎಂಬುದು ಮೊದಲು ತೀರ್ಮಾನವಾಗಬೇಕು, ಹೊದಿಕೆಯ ಬಣ್ಣ ಕಡೆಗೆ. ನಮ್ಮಲ್ಲಿ ಬಣ್ಣ ಮೊದಲು ತೀರ್ಮಾನವಾಗುತ್ತದೆ, ಇನ್ಸುಲೇಶನ್ ಕಡೆಗೂ ಬರುವುದಿಲ್ಲ.

ಇದರ ವಿರುದ್ಧ ದಿಕ್ಕಿನಲ್ಲಿ ಇನ್ನೊಂದು ಪಂಗಡವಿದೆ. "ಅಜ್ಜನ ಕಾಲದ ಹೆಂಚಿನ ಮನೆ ಎಷ್ಟು ತಂಪಿತ್ತು, ನಾನೂ ಮಂಗಳೂರು ಹೆಂಚೇ ಹಾಕಿಸುತ್ತೇನೆ" ಎನ್ನುವವರು. ಆ ಪ್ರೀತಿ ನನಗೂ ಇದೆ. 1860ರ ದಶಕದಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಹೆಂಚಿನ ಕಾರ್ಖಾನೆ ನೇತ್ರಾವತಿ ದಂಡೆಯ ಜೇಡಿಯನ್ನು ಭಾರತದ ಉದ್ದಗಲಕ್ಕೂ, ಹಡಗಿನಲ್ಲಿ ಹೊರನಾಡಿಗೂ ಒಯ್ದದ್ದು ನಮ್ಮ ಚರಿತ್ರೆಯ ಹೆಮ್ಮೆ. ಆದರೆ ಆ ಮನೆ ತಂಪಾಗಿದ್ದದ್ದು ಬರೀ ಹೆಂಚಿನಿಂದಲ್ಲ. ಹೆಂಚು ಹೆಂಚಿನ ನಡುವಿನ ಸಂದಿನಿಂದ ಬಿಸಿಗಾಳಿ ಮೇಲೇರಿ ಹೊರಬೀಳುತ್ತಿತ್ತು. ಕೆಳಗೆ ಹಲಗೆಯ ಅಟ್ಟ ಇತ್ತು, ಅಟ್ಟದ ತುಂಬ ತೆಂಗಿನಕಾಯಿಯೋ ಅಡಿಕೆಯೋ ಹುಲ್ಲೋ ಇರುತ್ತಿತ್ತು. ಕೆಲವು ಮನೆಗಳಲ್ಲಿ ಮೇಲಿನ ಹೆಂಚಿನ ಅಡಿಗೆ ಸೀಲಿಂಗ್ ಹೆಂಚಿನ ಎರಡನೇ ಪದರವಿತ್ತು. ಹೊರಚಾಚಿದ ಮಾಡು ಗೋಡೆಗೆ ನೆರಳು ಕೊಡುತ್ತಿತ್ತು. ಗಾಳಿ, ಅಟ್ಟ, ನೆರಳು ಸೇರಿ ಮಾಡಿದ ಕೆಲಸವನ್ನು ಕೆಂಪು ಬಣ್ಣ ಮಾಡಿತೆಂದು ಭ್ರಮಿಸಿ, ಈಗ ಇಳಿಜಾರು ಕಾಂಕ್ರೀಟಿನ ಮೇಲೆ ಸಿಮೆಂಟ್ ಗಾರೆ ಬಳಿದು ಹೆಂಚು ಒತ್ತಿ ಕೂರಿಸುತ್ತಾರೆ. ಸಂದು ಮುಚ್ಚಿತು, ಗಾಳಿ ನಿಂತಿತು. ಹೆಂಚು ಕಾಂಕ್ರೀಟಿನ ಮೇಲೆ ಅರ್ಧ ಇಂಚಿನ ಇನ್ನೊಂದು ಜೇಡಿಯ ಪದರವಾಯಿತು, ಅಷ್ಟೇ. ಮರದ ಪಟ್ಟಿ ಹೊಡೆದು, ಕಾಂಕ್ರೀಟಿನಿಂದ ಎತ್ತರಿಸಿ, ಕೆಳಗೂ ಮೇಲೂ ಗಾಳಿಗೆ ದಾರಿ ಬಿಟ್ಟು ಅದೇ ಹೆಂಚು ಹೊದಿಸಿದರೆ ಅದು ತಾರಸಿಗೆ ಕೊಡೆಯಾಗುತ್ತದೆ. ಖರ್ಚಿನ ಅಂತರ ಸ್ವಲ್ಪ, ಫಲದ ಅಂತರ ಬಹಳ.

ಕಲ್ಯಾಣ ಕರ್ನಾಟಕದ ಮಾಳಿಗೆ ಮನೆಗಳದ್ದೂ ಇದೇ ಕತೆ. ತೊಲೆ, ಜಂತಿ, ಹಲಗೆ, ಅದರ ಮೇಲೆ ಮೊಳದಷ್ಟು ಮಣ್ಣು, ಮಳೆಗಾಲಕ್ಕೆ ಮುಂಚೆ ಸವಳು ಮಣ್ಣಿನ ಹೊಸ ಹೊದಿಕೆ. ಹಗಲಿನ ಬೇಗೆ ಆ ಮಣ್ಣು ದಾಟುವ ಮೊದಲೇ ಸೂರ್ಯ ಮುಳುಗುತ್ತಿದ್ದ, ರಾತ್ರಿ ಜನ ಮಾಳಿಗೆ ಹತ್ತಿ ಮಲಗುತ್ತಿದ್ದರು. ಅದನ್ನು ಕೆಡವಿ ಐದಾರು ಇಂಚಿನ ಕಾಂಕ್ರೀಟು ಹಾಕಿಸಿ ಪ್ರಗತಿ ಎಂದೆವು. ಮಣ್ಣು ಸೋರುತ್ತಿತ್ತು, ಇಲಿ-ಹಾವಿನ ಕಾಟವಿತ್ತು, ವರ್ಷವರ್ಷ ದುರಸ್ತಿ ಬೇಕಿತ್ತು. ಕೆಡವಿದವರನ್ನು ನಾನು ದೂರುವುದಿಲ್ಲ. ಕಾಂಕ್ರೀಟು ತಂದುಕೊಟ್ಟ ಎಂಜಿನಿಯರುಗಳು, ಮಣ್ಣು ಮಾಡುತ್ತಿದ್ದ ಶಾಖದ ಕೆಲಸವನ್ನು ಇನ್ನು ಮುಂದೆ ಯಾರು ಮಾಡಬೇಕು ಎಂದು ಯೋಚಿಸಲಿಲ್ಲವಲ್ಲ, ಅದನ್ನು ದೂರುತ್ತೇನೆ.

ಬಿಳಿ ಬಣ್ಣ ಸಾಲದೇ ಎಂಬ ಪ್ರಶ್ನೆ ನ್ಯಾಯವಾದದ್ದು. ಬಿಳಿ ತಾರಸಿ ಬಿಸಿಲನ್ನು ಹೀರುವ ಮೊದಲೇ ಹಿಂದಕ್ಕೆ ಕಳಿಸುತ್ತದೆ, ಖರ್ಚೂ ಕಡಿಮೆ. ನೆರೆಯ ತೆಲಂಗಾಣ 2023ರಲ್ಲಿ ಕೂಲ್ ರೂಫ್ ನೀತಿಯನ್ನೇ ತಂದು, 2028ರೊಳಗೆ 300 ಚದರ ಕಿಲೋಮೀಟರ್ ಚಾವಣಿಯನ್ನು ಹೀಗೆ ತಂಪು ಮಾಡುವ ಗುರಿ ಇಟ್ಟುಕೊಂಡಿತು. ಇಸಿಬಿಸಿ ಕೂಡ ಸಮತಟ್ಟಾದ ಚಾವಣಿ ಬಿಸಿಲಿನ ಶೇಕಡಾ 60ರಷ್ಟನ್ನಾದರೂ ಪ್ರತಿಫಲಿಸಬೇಕು ಎನ್ನುತ್ತದೆ. ಆದರೆ ಆ ಸಂಹಿತೆ ಪ್ರತಿಫಲನವನ್ನೂ ಯು-ಮೌಲ್ಯವನ್ನೂ ಎರಡನ್ನೂ ಕೇಳುತ್ತದೆ, ಒಂದರ ಬದಲು ಇನ್ನೊಂದನ್ನಲ್ಲ. ನಮ್ಮ ಊರುಗಳ ದೂಳಿಗೆ ಬಿಳಿ ತಾರಸಿ ಎರಡು ಬೇಸಿಗೆಯಲ್ಲಿ ಬೂದಾಗುತ್ತದೆ. ತೊಳೆಯದಿದ್ದರೆ, ಮತ್ತೆ ಬಳಿಯದಿದ್ದರೆ ಅದರ ಬಲ ಕುಂದುತ್ತದೆ. ಕಾಂಕ್ರೀಟಿನ ಮೇಲೆ ಹಾಸಿ ಗಾರೆ ಮುಚ್ಚಿದ ಹಲಗೆಯನ್ನು ಯಾರೂ ತೊಳೆಯಬೇಕಾಗಿಲ್ಲ. ಈಗಾಗಲೇ ಕಟ್ಟಿದ ಮನೆಗೆ, ಕೈಯಲ್ಲಿ ಹಣವಿಲ್ಲದವರಿಗೆ ಬಿಳಿ ಬಣ್ಣವೇ ಮೊದಲ ಮದ್ದು. ಹೊಸದಾಗಿ ಕಟ್ಟುವವರು ಅಲ್ಲಿಗೇ ನಿಲ್ಲಬಾರದು.

"ಇನ್ಸುಲೇಶನ್ ಹಾಕಿದರೆ ಒಳಗಿನ ಬಿಸಿ ಹೊರಗೆ ಹೋಗದೆ ಉಳಿದುಬಿಡುತ್ತದೆ" ಎಂಬ ಆಕ್ಷೇಪದಲ್ಲಿ ಮಾತ್ರ ನಿಜದ ತಿರುಳಿದೆ. ಅಡುಗೆಯ ಬಿಸಿ, ಜನರ ಮೈಬಿಸಿ, ಕಿಟಕಿಯಿಂದ ನುಗ್ಗಿದ ಬಿಸಿಲು, ಇವೆಲ್ಲ ರಾತ್ರಿ ಹೊರಹೋಗಬೇಕು. ಅದರ ದಾರಿ ಕಿಟಕಿ ಮತ್ತು ವೆಂಟಿಲೇಟರು, ತಾರಸಿಯಲ್ಲ. ಎದುರುಬದುರು ಕಿಟಕಿಗಳಿಲ್ಲದ, ಸೊಳ್ಳೆಗೆ ಹೆದರಿ ಸಂಜೆ ಐದಕ್ಕೆ ಎಲ್ಲ ಮುಚ್ಚುವ ಮನೆಗೆ ಇನ್ಸುಲೇಶನ್ ಒಂದೇ ಪರಿಹಾರವಲ್ಲ ಎಂದು ಒಪ್ಪುತ್ತೇನೆ. ಹಾಗೆಯೇ ನಡು ಅಂತಸ್ತಿನ ಫ್ಲ್ಯಾಟಿನವರಿಗೂ ಇದು ಸಂಬಂಧಿಸಿದ್ದಲ್ಲ.

ಬೆಂಕಿಯ ಭಯವೂ ಹಗುರವಾದದ್ದಲ್ಲ. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಗೋಪುರ ಹೊತ್ತಿ 72 ಜನ ಸತ್ತದ್ದನ್ನು ಮರೆತು ಫೋಮಿನ ಮಾತಾಡಬಾರದು. ಅಲ್ಲಿ ಉರಿದದ್ದು ಹೊರಗೋಡೆಗೆ ಹೊದಿಸಿದ ಪ್ಲಾಸ್ಟಿಕ್ ತಿರುಳಿನ ಹಾಳೆ, ಅದರ ಹಿಂದಿನ ಫೋಮು. ಕಾಂಕ್ರೀಟಿನ ಮೇಲೆ ಹಾಸಿ ಎರಡು ಇಂಚು ಗಾರೆ ಮುಚ್ಚಿದ ಹಲಗೆಯ ಸ್ಥಿತಿ ಬೇರೆ. ಆದರೆ ಅದೇ ಹಲಗೆಯನ್ನು ಒಳಗಿನಿಂದ, ಸೀಲಿಂಗಿನ ಕೆಳಗೆ ಬರಿದಾಗಿ ಅಂಟಿಸಿದರೆ ಅದು ಅಪಾಯ. ಬೆಂಕಿಗೆ ಬೇಗ ಹೊತ್ತದ ದರ್ಜೆಯನ್ನೇ ಕೇಳಿ ಪಡೆಯಬೇಕು; ಸೀಲಿಂಗಿನ ಒಳಗೆ ಹಾಕುವುದೇ ಆದರೆ ರಾಕ್‌ವೂಲ್ ಹಾಕಬೇಕು.

ತಾರಸಿಯ ಮೇಲೇ ಹಾಸಿ ಎಂದು ಒತ್ತಿ ಹೇಳಲು ಇನ್ನೊಂದು ಕಾರಣವಿದೆ, ಸೋರಿಕೆ. ನಮ್ಮವರು ಶಾಖಕ್ಕೆ ಹಣ ಬಿಚ್ಚದಿದ್ದರೂ ವಾಟರ್‌ಪ್ರೂಫಿಂಗಿಗೆ ಬಿಚ್ಚುತ್ತಾರೆ, ಮತ್ತೆ ಮತ್ತೆ ಬಿಚ್ಚುತ್ತಾರೆ. ಹತ್ತು ಮೀಟರ್ ಉದ್ದದ ಕಾಂಕ್ರೀಟು 30 ಡಿಗ್ರಿ ಏರಿಳಿದರೆ ಮೂರು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ಪ್ರತಿ ದಿನ, ಬೇಸಿಗೆಯಿಡೀ. ಪ್ಯಾರಾಪೆಟ್ಟು ತಾರಸಿಗೆ ಸೇರುವ ಮೂಲೆಯಲ್ಲಿ ಬಿರುಕು ಮೂಡಲು ಇದು ದೊಡ್ಡ ಕಾರಣ, ಮಳೆಗಾಲದಲ್ಲಿ ನೀರು ಇಳಿಯುವುದೂ ಅಲ್ಲಿಂದಲೇ. ಇನ್ಸುಲೇಶನ್ ಕಾಂಕ್ರೀಟಿನ ಮೇಲಿದ್ದರೆ ಆ ಏರಿಳಿತ ತೀರ ಕಡಿಮೆಯಾಗಿ ಕಾಂಕ್ರೀಟೂ ಅದರ ನೀರುತಡೆ ಪದರವೂ ಹೆಚ್ಚು ಕಾಲ ಬಾಳುತ್ತವೆ. ಕೆಳಗಿದ್ದರೆ, ಅಂದರೆ ಜಿಪ್ಸಂ ಸೀಲಿಂಗಿನೊಳಗಿದ್ದರೆ, ಕೋಣೆಗೆ ಒಂದಿಷ್ಟು ತಂಪು ಸಿಕ್ಕೀತು, ಕಾಂಕ್ರೀಟು ಮಾತ್ರ ಮೊದಲಿನಂತೆಯೇ ಬಿಸಿಲಿನಲ್ಲಿ ಬೇಯುತ್ತದೆ. ಮಲೆನಾಡು-ಕರಾವಳಿಯಲ್ಲಿ ವಸ್ತುವಿನ ಆಯ್ಕೆಗೂ ಎಚ್ಚರ ಬೇಕು. ಸಾಮಾನ್ಯ ಥರ್ಮೋಕೋಲ್ ನೀರು ಕುಡಿದರೆ ಶಕ್ತಿಗುಂದುತ್ತದೆ, ಅದು ನೀರುತಡೆ ಪದರದ ಕೆಳಗಿರಬೇಕು. ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್ ನೀರನ್ನು ಬಹುಮಟ್ಟಿಗೆ ಒಳಗೆ ಬಿಡದು, ಅದನ್ನು ಪದರದ ಮೇಲೂ ಹಾಸಬಹುದು.

"ಮುಂದೆ ಇನ್ನೊಂದು ಅಂತಸ್ತು ಏರಿಸಬೇಕು, ಈಗ ಯಾಕೆ ಖರ್ಚು?" ಕಂಬದ ಕಬ್ಬಿಣ ಆಕಾಶಕ್ಕೆ ಚಾಚಿಕೊಂಡಿರುವ ನಮ್ಮ ಎಲ್ಲ ಊರುಗಳ ಪ್ರಶ್ನೆ ಇದು. ಏರಿಸುವ ಆ ದಿನ ಹತ್ತು ವರ್ಷಕ್ಕೆ ಬರಬಹುದು, ಬರದೆಯೂ ಇರಬಹುದು. ಅಷ್ಟು ಬೇಸಿಗೆಗಳನ್ನು ಮನೆಯವರು ಬೆಂದೇ ಕಳೆಯಬೇಕೇ? ಎಕ್ಸ್‌ಟ್ರೂಡೆಡ್ ಹಲಗೆಯನ್ನು ನೀರುತಡೆ ಪದರದ ಮೇಲೆ ಅಂಟಿಸದೆ ಹಾಸಿ, ಮೇಲೆ ಬಿಡಿ ಕಾಂಕ್ರೀಟ್ ಬಿಲ್ಲೆಗಳನ್ನು ಜೋಡಿಸಬಹುದು. ಸಂಡಿಗೆ ಒಣಗಿಸಲು, ಓಡಾಡಲು ಅಡ್ಡಿಯಿಲ್ಲ. ಅಂತಸ್ತು ಏರಿಸುವಾಗ ಎರಡನ್ನೂ ಎತ್ತಿ ಹೊಸ ತಾರಸಿಗೆ ಒಯ್ಯಬಹುದು.

ಕೊನೆಗೆ ಕಾನೂನಿನ ಮಾತು. "ರೂಲ್ಸ್ ಕೇಳೋದಿಲ್ಲ ಸಾರ್" ಎಂಬುದು ಎಲ್ಲ ವಾದ ಸೋತಾಗ ಬರುವ ವಾದ. ಅಕ್ಷರಶಃ ನೋಡಿದರೆ ಅದು ಬಹುಪಾಲು ನಿಜ. ಇಕೋ-ನಿವಾಸ್ ಸಂಹಿತೆಯ ಮೊದಲ ಭಾಗ ಉದ್ದೇಶಿಸಿದ್ದು 500 ಚದರ ಮೀಟರಿಗಿಂತ ಕಡಿಮೆಯಿಲ್ಲದ ನಿವೇಶನಗಳನ್ನು. ನಮ್ಮ 30×40 ಸೈಟು 111 ಚದರ ಮೀಟರ್ ದಾಟಿದರೆ ಹೆಚ್ಚು. ಇಸಿಬಿಸಿ ಹಿಡಿಯುವುದು 100 ಕಿಲೋವ್ಯಾಟ್ ಸಂಪರ್ಕ ಹೊರೆ ಅಥವಾ 120 ಕೆವಿಎ ಬೇಡಿಕೆ ಇರುವ ದೊಡ್ಡ ವಾಣಿಜ್ಯ ಕಟ್ಟಡಗಳನ್ನು. ಹೀಗಾಗಿ ಈ ರಾಜ್ಯದ ಸಾಮಾನ್ಯ ಮನೆಯ ಚಾವಣಿ ಯಾವ ಸಂಹಿತೆಯ ಕಣ್ಣಿಗೂ ಬೀಳುವುದಿಲ್ಲ. ಸೆಟ್‌ಬ್ಯಾಕ್ ಎಷ್ಟು ಅಡಿ, ಎಷ್ಟು ಅಂತಸ್ತು ಎಂಬ ಲೆಕ್ಕ ಇಟ್ಟುಕೊಂಡ ನಮ್ಮ ಕಟ್ಟಡ ಸಂಸ್ಕೃತಿ ಒಳಗೆ ಬದುಕುವವರ ಮೈಬಿಸಿಯ ಲೆಕ್ಕ ಇಟ್ಟುಕೊಳ್ಳಲಿಲ್ಲ. ಸಂಹಿತೆ ಕೇಳಲಿಲ್ಲ ಎಂದ ಮಾತ್ರಕ್ಕೆ 3.8 ಎಂಬುದು 1.2 ಆಗಿಬಿಡುವುದಿಲ್ಲ. 500 ಚದರ ಮೀಟರ್ ನಿವೇಶನದ ಶ್ರೀಮಂತರ ಮೇಲೂ 30×40ರ ಗುಮಾಸ್ತರ ಮೇಲೂ ಬೀಳುವ ಬಿಸಿಲು ಒಂದೇ. ಏಸಿಯ ಬಿಲ್ಲು ಕಟ್ಟಲಾರದವರಿಗೆ ಇನ್ಸುಲೇಶನ್ ಹೆಚ್ಚು ಬೇಕು. ತಗಡಿನ ಶೀಟಿನಡಿ ಬದುಕುವವರ ಪಾಡಂತೂ ಬೇರೆಯೇ: ತಗಡಿಗೆ ಸ್ವಂತ ತಡೆಯೆಂಬುದೇ ಇಲ್ಲದ್ದರಿಂದ ಅದರ ಯು-ಮೌಲ್ಯ 6ರ ಹತ್ತಿರ. ಸರ್ಕಾರದ ವಸತಿ ಯೋಜನೆಯ ಮನೆಗೆ, ಅಂಗನವಾಡಿಗೆ, ಶೀಟು ಹೊದಿಸಿದ ಶಾಲಾ ಕೋಣೆಗೆ ಮೊದಲು ಈ ಹಲಗೆ ಏರಬೇಕು. ಮಕ್ಕಳನ್ನು ಏಪ್ರಿಲ್‌ನಲ್ಲಿ ಅಂಥ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಬರೆಸುವವರು ಆ ಕೋಣೆಯ ಚಾವಣಿ ನೋಡಿ ನಾಚಬೇಕು.

ಇದಕ್ಕೆ ದಾರಿ ಕಾನೂನಿನಲ್ಲೇ ಇದೆ. 2022ರ ಇಂಧನ ಸಂರಕ್ಷಣಾ ತಿದ್ದುಪಡಿ ಕಾಯ್ದೆ ವಸತಿ ಕಟ್ಟಡಗಳನ್ನೂ ಸಂಹಿತೆಯ ವ್ಯಾಪ್ತಿಗೆ ತಂದು, ಸಂಪರ್ಕ ಹೊರೆಯ ಮಿತಿಯನ್ನು ಇಳಿಸುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ. ಕರ್ನಾಟಕ ಆ ಅಧಿಕಾರವನ್ನು ಬಳಸಿ, ಚಾವಣಿಯ ಮಟ್ಟಿಗಾದರೂ 1.2 ಎಂಬ ಒಂದೇ ಅಂಕಿಯನ್ನು 30×40 ಮನೆಯ ನಕ್ಷೆ ಮಂಜೂರಾತಿಗೂ ಸೇರಿಸಬೇಕು. ಅದಕ್ಕೆ ದೊಡ್ಡ ಕಡತ, ಸಲಹೆಗಾರರ ಪಡೆ ಯಾವುದೂ ಬೇಡ. ತಾರಸಿಯ ಪದರಗಳನ್ನು ಬರೆದು ಕೂಡಿಸಿದ ಐದು ಸಾಲಿನ ಲೆಕ್ಕ ಸಾಕು.

ಸರ್ಕಾರಕ್ಕೆ ಕಾಯಬೇಕಾಗಿಯೂ ಇಲ್ಲ. ಈ ವರ್ಷ ತಾರಸಿಗೆ ಕಾಂಕ್ರೀಟ್ ಹಾಕಿಸುವವರು ನಿಮ್ಮ ಎಂಜಿನಿಯರಿಗೆ ಒಂದು ಪ್ರಶ್ನೆ ಕೇಳಿ: "ಈ ಚಾವಣಿಯ ಯು-ಮೌಲ್ಯ ಎಷ್ಟು?" ಉತ್ತರವನ್ನು ಬರೆದು ಕೊಡಲು ಹೇಳಿ. 1.2ಕ್ಕಿಂತ ಹೆಚ್ಚಿದ್ದರೆ ಒಪ್ಪಬೇಡಿ. ಶಿಂಗಲ್ಸಿನ ಬಣ್ಣದ ಕಾರ್ಡನ್ನು ಆ ಉತ್ತರ ಕೈಗೆ ಬಂದ ಮೇಲೆ ತೆರೆಯಿರಿ.